ಅಳಿದ ಲೋಕದಲ್ಲಿ ಉಳಿವಿನ ಆಟ

'ಗುಳೆ' ಎಂಬ ಮಾತಿನ ಅರ್ಥವನ್ನು ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಿಂದ ಅನೇಕ ಕುಟುಂಬಗಳು ಮನೆಗೆ ಬೀಗವಿಕ್ಕಿ, ಪಾತ್ರೆಪಗಡಿಗಳನ್ನು ಗಂಟುಕಟ್ಟಿ, ಕೂಲಿಯನ್ನರಸಿ ಬೆಂಗಳೂರಿನಂತಹ ದೂರದ ನಗರಗಳಿಗೆ ಹೊರಡುವುದೇ ಗುಳೆ. ಅದರಲ್ಲಿ ಸುಖವಿದೆಯೆಂದು ಯಾರೂ ಹೇಳರು. ಆದರೆ ಊರುಗಳೆಲ್ಲ ಪಾಳುಬಿದ್ದ ಲೋಕದಲ್ಲಿ ಅನ್ನ ನೀರನ್ನರಸಿ ಅಲೆಯುವ ಕಥೆಯನ್ನು ವಿಡಿಯೋ ಆಟವಾಗಿ ಹೆಣೆದುಕೊಟ್ಟರೆ, ಅದನ್ನು ಹಣ ತೆತ್ತು ಕೊಂಡು ನಿದ್ದೆಗೆಟ್ಟು ಆಡುವವರು ಜಗತ್ತಿನಲ್ಲಿ ಲಕ್ಷಾಂತರ ಮಂದಿ. ರಾಯಚೂರು ನಗರದ ವಿದ್ಯಾರ್ಥಿಗಳಿಗೂ ಇಂತಹ ಆಟಗಳು ತೀರ ಅಪರಿಚಿತವಲ್ಲ. ಜೀವನದಲ್ಲಿ ನಾವು ಯಾವುದಕ್ಕೆ ಅಂಜುವೆವೋ ಅದನ್ನೇ ಆಟದಲ್ಲಿ ಅರಸಿ ಹೋಗುವುದೇಕೆ?

ಉದಾಹರಣೆಗೆ, 2013ರಲ್ಲಿ ಅಮೆರಿಕದ ನಾಟಿ ಡಾಗ್ ಸಂಸ್ಥೆ ಹೊರತಂದ 'ದಿ ಲಾಸ್ಟ್ ಆಫ್ ಅಸ್' ಎಂಬ ಆಟವನ್ನು ತೆಗೆದುಕೊಳ್ಳೋಣ. ಶಿಲೀಂಧ್ರವೊಂದು ಮನುಷ್ಯರನ್ನು ಹೊಕ್ಕು ನಾಗರಿಕತೆಯೇ ಕುಸಿದು ಇಪ್ಪತ್ತು ವರ್ಷಗಳಾಗಿವೆ. ಮಗಳನ್ನು ಕಳೆದುಕೊಂಡ ಜೋಯಲ್ ಎಂಬಾತನು, ಆ ರೋಗ ತಟ್ಟದ 14 ವರ್ಷದ ಹುಡುಗಿಯೊಬ್ಬಳನ್ನು ಪಾಳು ನಗರಗಳ ಮೂಲಕ ದೇಶದ ಉದ್ದಕ್ಕೂ ಕರೆದೊಯ್ಯಬೇಕಾಗಿದೆ.

ಈ ಕಲ್ಪನೆಯ ಬೇರು ನಿಸರ್ಗದಲ್ಲಿದೆ. ಉಷ್ಣವಲಯದ ಕಾಡುಗಳಲ್ಲಿ ಆಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರವು ಇರುವೆಯ ದೇಹವನ್ನು ಹೊಕ್ಕು, ಅದರ ಸ್ನಾಯುಗಳ ಸುತ್ತ ಬಲೆಯಂತೆ ಹಬ್ಬುವುದು. ಇರುವೆ ತನ್ನ ಗೂಡನ್ನು ಬಿಟ್ಟು ಗಿಡವನ್ನೇರಿ, ಎಲೆಯ ನರವನ್ನು ಕಚ್ಚಿ ಹಿಡಿದು ಸಾಯುವುದು. ಬಳಿಕ ಅದರ ತಲೆಯ ಬುಡದಿಂದ ಕಾಂಡವೊಂದು ಮೊಳೆತು ಕೆಳಗೆ ಬೀಜಕಣಗಳನ್ನು ಉದುರಿಸುವುದು. ಮನುಷ್ಯರು ಇದಕ್ಕೆ ಹೆದರಬೇಕಾಗಿಲ್ಲ. ಇಂತಹ ಶಿಲೀಂಧ್ರಗಳು ನಿರ್ದಿಷ್ಟ ಜಾತಿಯ ಇರುವೆಗಳಿಗೇ ಹೊಂದಿಕೊಂಡಿವೆ. ಮೇಲಾಗಿ ನಮ್ಮ ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಹೆಚ್ಚಿನ ಶಿಲೀಂಧ್ರಗಳಿಗೆ ಒಗ್ಗುವುದಿಲ್ಲ.

ಭಯವೊಂದೇ ಆಕರ್ಷಣೆಯ ಕಾರಣವಾಗಿದ್ದರೆ ಆಟ ಬೇಗನೆ ಬೇಸರ ತರುತ್ತಿತ್ತು. ಅದರ ಜೀವಾಳವಿರುವುದು ಕೊರತೆಯಲ್ಲಿ. ಆಟಗಾರನಿಗೆ ಒಂದು ಸೀಸೆ ಮದ್ಯಸಾರ, ಒಂದು ಚಿಂದಿಬಟ್ಟೆ ದೊರೆಯಿತೆನ್ನಿ. ಅವುಗಳಿಂದ ಗಾಯದ ಚಿಕಿತ್ಸೆಗೆ ಪಟ್ಟಿಯನ್ನು ಸಿದ್ಧಪಡಿಸಬಹುದು. ಇಲ್ಲವೆ ಶತ್ರುವಿನ ಮೇಲೆಸೆಯುವ ಬೆಂಕಿಯ ಸೀಸೆಯನ್ನು ಮಾಡಬಹುದು. ಎರಡನ್ನೂ ಮಾಡಲಾಗದು. ವಸ್ತುಗಳು ಹೇರಳವಾಗಿದ್ದರೆ ಅಲ್ಲಿ ಯೋಚನೆಗೆ ಎಡೆಯೇ ಇರುತ್ತಿರಲಿಲ್ಲ. ಕೊರತೆಯಿರುವುದರಿಂದಲೇ ಪ್ರತಿಯೊಂದು ನಿರ್ಧಾರಕ್ಕೂ ತೂಕ ಬರುವುದು.

ಇನ್ನು ಬರಿದಾದ ಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆಯುವ ಚಪಲವುಂಟು. ಕೋತಿಗಳ ಮಿದುಳನ್ನು ಪರೀಕ್ಷಿಸಿದ ವುಲ್ಫ್‌ರಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು, ಹಣ್ಣಿನ ರಸವು ನಿರೀಕ್ಷಿಸಿದಂತೆಯೇ ದೊರೆತಾಗ ಅಷ್ಟಾಗಿ ಮಿಡಿಯುವುದಿಲ್ಲ. ಅನಿರೀಕ್ಷಿತವಾಗಿ ದೊರೆತಾಗ ಬಲವಾಗಿ ಮಿಡಿಯುವುವು. ಒಂಬತ್ತು ಕಪಾಟುಗಳು ಖಾಲಿಯಿದ್ದು ಹತ್ತನೆಯದರಲ್ಲಿ ಔಷಧ ಸಿಕ್ಕಿದಾಗ ಆಗುವ ಹಿಗ್ಗನ್ನು ಇದರಿಂದ ಒಂದಷ್ಟು ಅರ್ಥಮಾಡಿಕೊಳ್ಳಬಹುದು. ಆಟವನ್ನು ಬಿಟ್ಟೇಳಲು ಮನಸ್ಸಾಗದಿರುವುದಕ್ಕೂ ಇದೇ ಒಂದು ಕಾರಣವಾಗಬಲ್ಲದು. ಓದಿನ ವೇಳೆಯನ್ನು ನುಂಗುವ ಅಪಾಯವೂ ಇಲ್ಲಿಯೇ ಇದೆ.

ಆದರೂ ಆಡಿದವರು ಬಹುಕಾಲ ನೆನೆಯುವುದು ಕಪಾಟನ್ನಲ್ಲ. ಬಹು ಸಂಕಟಗಳನ್ನು ಕಂಡು ಮೌನವಾದ ಆ ಹುಡುಗಿ, ಹಾಳುಬಿದ್ದ ನಗರದ ಕಟ್ಟಡವೊಂದರಲ್ಲಿ ಹಠಾತ್ತನೆ ಒಂದು ಜಿರಾಫೆಯನ್ನು ಕಾಣುತ್ತಾಳೆ. ಮೆಲ್ಲನೆ ಅದರ ಮೈ ಸವರುತ್ತಾಳೆ. ಅಲ್ಲಿ ಗೆಲ್ಲುವುದೇನೂ ಇಲ್ಲ, ಸಂಗ್ರಹಿಸುವುದೂ ಇಲ್ಲ. ಆದರೆ ತಾನು ಇದುವರೆಗೆ ಪಟ್ಟಿಗಳನ್ನು ಎಣಿಸಿದ್ದು ಯಾರನ್ನು ಉಳಿಸಲು ಎಂಬುದು ಆಟಗಾರನಿಗೆ ಆಗ ಹೊಳೆಯುತ್ತದೆ. ಭಯಾನಕವೂ ಕರುಣವೂ ರಸಗಳಾಗಬಲ್ಲವೆಂದು ನಮ್ಮ ನಾಟ್ಯಶಾಸ್ತ್ರ ಬಹು ಹಿಂದೆಯೇ ಹೇಳಿತು. ರಂಗದ ಮೇಲಿನ ಭಯವು ಪ್ರೇಕ್ಷಕನ ಮನೆಬಾಗಿಲನ್ನು ತಟ್ಟುವುದಿಲ್ಲ. ಆದುದರಿಂದಲೇ ಅವನು ಅದನ್ನು ಸವಿಯಬಲ್ಲನು. ಆಟದಲ್ಲಿಯಾದರೋ ಪ್ರೇಕ್ಷಕನೇ ಪಾತ್ರಧಾರಿ.

ಇಂತಹ ಭಯದ ಅಭ್ಯಾಸದಿಂದ ಪ್ರಯೋಜನವುಂಟೆ? ಕೋಲ್ಟನ್ ಸ್ಕ್ರಿವ್ನರ್ ಮತ್ತು ಸಂಗಡಿಗರು 310 ಮಂದಿಯನ್ನು ಪ್ರಶ್ನಿಸಿ 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪ್ರಳಯದಂತಹ ವಿಪತ್ತುಗಳ ಚಲನಚಿತ್ರಗಳನ್ನು ಮೆಚ್ಚುವವರು ಕೋವಿಡ್ ಪಿಡುಗನ್ನು ಎದುರಿಸಲು ಇತರರಿಗಿಂತ ಹೆಚ್ಚು ಸಿದ್ಧರಾಗಿದ್ದುದು ಅದರಲ್ಲಿ ಕಂಡುಬಂದಿತು. ಆದರೆ ಚಿತ್ರಗಳಿಂದ ಧೈರ್ಯ ಬಂದಿತೋ, ಧೈರ್ಯವುಳ್ಳವರೇ ಅವನ್ನು ಮೆಚ್ಚಿದರೋ ಎಂಬುದು ಇಷ್ಟರಿಂದ ತೀರ್ಮಾನವಾಗದು.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು ಇಂತಹ ಪರೀಕ್ಷೆಗಳನ್ನು ಆಟವಿಲ್ಲದೆಯೇ ಕಂಡಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ, 2009ರ ನೆರೆ ಇವೆರಡೂ ಈ ನಾಡನ್ನು ತಟ್ಟಿದವು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿತು. 2020ರಲ್ಲಿ ಬಸ್ಸು ರೈಲುಗಳು ನಿಂತಾಗ, ಗುಳೆ ಹೋದವರಲ್ಲಿ ಕೆಲವರು ಬೆಂಗಳೂರಿನಿಂದ ಕಾಲ್ನಡಿಗೆಯಲ್ಲಿಯೇ ಊರಿನ ಹಾದಿ ಹಿಡಿದರು. ಗಂಟಿನಲ್ಲಿ ಏನನ್ನು ಕಟ್ಟಬೇಕು, ಏನನ್ನು ಬಿಡಬೇಕು? ಮಗುವನ್ನು ಜೊತೆಗೆ ಒಯ್ಯುವುದೋ, ಅಜ್ಜಿಯ ಬಳಿ ಬಿಟ್ಟು ಶಾಲೆಗೆ ಕಳುಹಿಸುವುದೋ? ಆಟದ ಚಿಂದಿಬಟ್ಟೆ ಮದ್ಯಸಾರಗಳ ಪ್ರಶ್ನೆಯೂ ಇದೇ ಜಾತಿಯದು.

ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಆಟದಲ್ಲಿ ತಪ್ಪಿದರೆ ಹಿಂದಿನ ಘಟ್ಟಕ್ಕೆ ಮರಳಿ ಮತ್ತೆ ಆರಂಭಿಸಬಹುದು. ಗುಳೆ ಹೋದ ಮಗು ಕಳೆದುಕೊಂಡ ಶಾಲೆಯ ವರ್ಷವನ್ನು ಯಾವ ಗುಂಡಿಯನ್ನೊತ್ತಿದರೂ ಮರಳಿ ಪಡೆಯಲಾಗದು. ತೆರೆಯ ಮೇಲೆ ಒಂದು ಜೀವಕ್ಕಾಗಿ ಮರುಗಿದ ವಿದ್ಯಾರ್ಥಿಯು, ತನ್ನ ತರಗತಿಯಲ್ಲಿ ಇದ್ದಕ್ಕಿದ್ದಂತೆ ಖಾಲಿಯಾದ ಜಾಗವನ್ನು ಕಂಡು 'ಅವನೆಲ್ಲಿ?' ಎಂದು ಕೇಳುವಂತಾದರೆ, ಅವನು ಆಟದಲ್ಲಿ ಕಳೆದ ಹೊತ್ತು ವ್ಯರ್ಥವಾಯಿತೆಂದು ನಾವು ಹೇಳಲಾರೆವು.