ನರಕೋಶಗಳ ಸಂಕೇತ: ಗೇರುಗುಡ್ಡಗಳು ಕಲಿಸಿದ ಪಾಠ

ಧರ್ಮಸ್ಥಳಕ್ಕೋ ಕುಕ್ಕೆ ಸುಬ್ರಹ್ಮಣ್ಯಕ್ಕೋ ಯಾತ್ರೆ ಹೋಗಿಬಂದ ನಮ್ಮ ಸದ್ಭಕ್ತರಲ್ಲಿ ಅನೇಕರು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹಸಿರನ್ನು ಕಂಡಿರುತ್ತಾರೆ. ತಗ್ಗಿನಲ್ಲಿ ಅಡಿಕೆ ತೋಟ, ಗುಡ್ಡದ ಮೇಲೆ ಗೇರುಮರಗಳ ಸಾಲು. ಒಳನಾಡಿನ ನಾವು ಗೋಡಂಬಿ ಎನ್ನುವುದನ್ನೇ ಅಲ್ಲಿನವರು ಗೇರುಬೀಜ ಎನ್ನುತ್ತಾರೆ. ಆ ಹಸಿರಿನ ನಡುವೆ, ಗುಡ್ಡದ ಬುಡದ ಕೆಲವು ಮನೆಗಳಲ್ಲಿ, ಮೂವತ್ತು ದಾಟಿದ ಮಕ್ಕಳಿಗೆ ತಾಯಂದಿರು ಇಂದಿಗೂ ಕೈಯಾರೆ ಉಣಿಸುತ್ತಾರೆ, ಮೀಯಿಸುತ್ತಾರೆ. ಕೆಲವರಿಗೆ ಮಾತಿಲ್ಲ, ಕೆಲವರಿಗೆ ಕೈಕಾಲುಗಳು ಸ್ವಾಧೀನದಲ್ಲಿಲ್ಲ, ಕೆಲವರನ್ನು ಮೂರ್ಛೆಯು ಬಿಟ್ಟುಬಿಟ್ಟು ಕಾಡುತ್ತದೆ. ಸರಕಾರದ ದಾಖಲೆಗಳು ಇವರನ್ನು ಎಂಡೋಸಲ್ಫಾನ್ ಪೀಡಿತರೆಂದು ಕರೆಯುತ್ತವೆ.

ಎಂಡೋಸಲ್ಫಾನ್ ಒಂದು ಕೀಟನಾಶಕ. ಅದು ದೇಹದಲ್ಲಿ ಕೆಡಿಸುವುದು ಮುಖ್ಯವಾಗಿ ಒಂದನ್ನು: ನರಕೋಶವೊಂದು ಮತ್ತೊಂದು ನರಕೋಶಕ್ಕೆ ಕಳುಹಿಸುವ ಸಂಕೇತವನ್ನು. ಆ ಸಂಕೇತದ ಬಗೆಯನ್ನು ಅರಿತರೆ ಈ ವಿಷದ ಬಗೆಯೂ ತಿಳಿಯುತ್ತದೆ. ನಮ್ಮ ಹೊಲ-ಮನೆಗಳಲ್ಲಿ ನಾವು ವಹಿಸಬೇಕಾದ ಎಚ್ಚರವೂ ತಿಳಿಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿವರಿಸಲು ಯತ್ನಿಸಿದ್ದೇವೆ.

ಅಂಗೈಯಿಂದ ಮಿದುಳಿಗೆ

ಪೂಜೆಯ ವೇಳೆಯಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇರಿಸಿಕೊಂಡೊಡನೆ ಅದರ ತಂಪು, ನುಣುಪು, ಭಾರ ಮೂರೂ ನಮ್ಮ ಅರಿವಿಗೆ ಬರುತ್ತವೆ. ಅಂಗೈಯ ಚರ್ಮದಲ್ಲಿರುವ ನರತುದಿಗಳು ಆ ಸ್ಪರ್ಶವನ್ನು ಸಂಕೇತವಾಗಿ ಮಾರ್ಪಡಿಸಿ, ತೋಳಿನ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ತಲುಪಿಸುತ್ತವೆ. ಈ ಕಾರ್ಯವನ್ನು ಮಾಡುವ ಜೀವಕೋಶಕ್ಕೆ ನರಕೋಶವೆಂದು ಹೆಸರು. ಮನುಷ್ಯನ ಮಿದುಳಿನಲ್ಲಿ ಇಂತಹ ಕೋಶಗಳು ಸುಮಾರು 8,600 ಕೋಟಿ ಇವೆ.

ನರಕೋಶದ ಆಕಾರವು ಬೇರುಸಹಿತ ಕಿತ್ತ ಗಿಡವನ್ನು ಹೋಲುತ್ತದೆ. ಒಂದು ತುದಿಯಲ್ಲಿ ಕವಲೊಡೆದ ಎಳೆಗಳಿವೆ. ಇವು ಇತರ ಕೋಶಗಳಿಂದ ಬರುವ ಸಂಕೇತಗಳನ್ನು ಸ್ವೀಕರಿಸುತ್ತವೆ. ಮತ್ತೊಂದು ಕಡೆಗೆ ಒಂದೇ ಉದ್ದನೆಯ ತಂತು ಇದೆ. ಇದು ಸಂಕೇತವನ್ನು ಮುಂದಕ್ಕೆ ಒಯ್ಯುತ್ತದೆ. ಬೆನ್ನಿನ ಕೆಳಭಾಗದಿಂದ ಪಾದದವರೆಗೆ ಸಾಗುವ ತಂತು ವಯಸ್ಕರಲ್ಲಿ ಸುಮಾರು 1 ಮೀಟರ್ ಉದ್ದವಿರುತ್ತದೆ.

ತಂತುವಿನೊಳಗೆ ಸಂಕೇತವು ವಿದ್ಯುತ್ತಿನ ರೂಪದಲ್ಲಿ ಸಾಗುತ್ತದೆ. ಆದರೆ ಅದು ತಾಮ್ರದ ತಂತಿಯಲ್ಲಿ ಹರಿಯುವ ವಿದ್ಯುತ್ತಿನಂತಲ್ಲ. ನರಕೋಶವು ಸದಾಕಾಲ ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ, ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತುಂಬಿಕೊಳ್ಳುತ್ತಿರುತ್ತದೆ. ಇದರಿಂದ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿನ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಪ್ರಚೋದನೆಯು ಒಂದು ಮಿತಿಯನ್ನು ದಾಟಿದಾಗ ಕೋಶಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಅದು ಪಕ್ಕದ ಬಾಗಿಲುಗಳನ್ನು ತೆರೆಸುತ್ತದೆ, ಅವು ಅವುಗಳ ಪಕ್ಕದವನ್ನು. ಹಿಂದೆಯೇ ಪೊಟ್ಯಾಸಿಯಂ ಹೊರಹೋಗಿ, ತೆರೆದ ಸ್ಥಳವು ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದು ಸ್ಥಳದಲ್ಲಿ ಇದೆಲ್ಲ ನಡೆಯಲು ಹಿಡಿಯುವ ಕಾಲ ಒಂದು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಪ್ರಯೋಗಗಳನ್ನು ನಡೆಸಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು 1952ರಲ್ಲಿ ಈ ಕ್ರಿಯೆಯನ್ನು ಲೆಕ್ಕಸಹಿತ ವಿವರಿಸಿದರು.

ಸಂಕೇತದ ವೇಗ ಎಲ್ಲ ತಂತುಗಳಲ್ಲಿಯೂ ಒಂದೇ ಅಲ್ಲ. ಕೊಬ್ಬಿನ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಅದು ಸೆಕೆಂಡಿಗೆ 120 ಮೀಟರಿನವರೆಗೂ ಇರಬಲ್ಲದು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಸುಮಾರು 1 ಮೀಟರ್ ಮಾತ್ರ. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ತಗುಲಿದ್ದು ಮೊದಲು ತಿಳಿದು, ಉರಿನೋವು ಅರೆಕ್ಷಣದ ಬಳಿಕ ಏರಿಬರುವುದು ಇದರಿಂದಲೇ.

ಎರಡು ಕೋಶಗಳ ನಡುವಿನ ಸಂದು

ತಂತುವಿನ ತುದಿಗೆ ಬಂದ ವಿದ್ಯುತ್ ಸಂಕೇತವು ಸಾಮಾನ್ಯವಾಗಿ ಮುಂದಿನ ಕೋಶಕ್ಕೆ ನೇರವಾಗಿ ದಾಟಲಾರದು. ಎರಡು ಕೋಶಗಳ ನಡುವೆ ಒಂದು ಸಂದು ಇದೆ. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಭಾಗ. ಸಂಕೇತವು ಇಲ್ಲಿ ವಿದ್ಯುತ್ತಿನ ರೂಪವನ್ನು ಬಿಟ್ಟು ರಾಸಾಯನಿಕ ರೂಪವನ್ನು ತಾಳುತ್ತದೆ. ತುದಿಯೊಳಗಿನ ಸೂಕ್ಷ್ಮ ಚೀಲಗಳು ಒಡೆದು ನರವಾಹಕವೆಂಬ ದ್ರವ್ಯವನ್ನು ಸಂದಿನೊಳಗೆ ಸುರಿಸುತ್ತವೆ. ಆ ದ್ರವ್ಯವು ಎದುರಿನ ಕೋಶದ ಮೇಲಿರುವ ಗ್ರಾಹಕಗಳಿಗೆ, ಬೀಗಕ್ಕೆ ಕೀಲಿ ಕೂಡುವಂತೆ, ಕೂಡಿಕೊಳ್ಳುತ್ತದೆ. ಕೆಲಸವಾದ ಕೂಡಲೇ ಅದು ಒಡೆದುಹೋಗುತ್ತದೆ ಅಥವಾ ಮರಳಿ ಹೀರಲ್ಪಡುತ್ತದೆ.

ಇದನ್ನು 1921ರಲ್ಲಿ ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ. ಅವರು ಕಪ್ಪೆಯ ಮಿಡಿಯುವ ಹೃದಯದ ನರವೊಂದನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಬಳಿಕ ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನವಾಯಿತು. ನರವು ಒಂದು ದ್ರವ್ಯದ ಮೂಲಕ ತನ್ನ ಆಜ್ಞೆಯನ್ನು ತಿಳಿಸುತ್ತದೆಯೆಂಬುದು ಇದರಿಂದ ಸಿದ್ಧವಾಯಿತು. 1936ರ ನೊಬೆಲ್ ಪಾರಿತೋಷಕವನ್ನು ಅವರು ಹೆನ್ರಿ ಡೇಲ್ ಅವರೊಂದಿಗೆ ಹಂಚಿಕೊಂಡರು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಲೋವಿ ಕಂಡ ಆ ಮೊದಲ ರಾಸಾಯನಿಕ ಸಂಕೇತವು ‘ಓಡು’ ಎಂಬ ಆಜ್ಞೆಯಾಗಿರಲಿಲ್ಲ, ‘ನಿಧಾನಿಸು’ ಎಂಬ ಆಜ್ಞೆಯಾಗಿತ್ತು.

ತಡೆಯುವ ಸಂಕೇತ

ನರವೆಂದರೆ ಪ್ರಚೋದನೆ ಎಂದಷ್ಟೇ ನಾವು ಭಾವಿಸಿರುತ್ತೇವೆ. ವಾಸ್ತವದಲ್ಲಿ ಪ್ರಚೋದಿಸುವಷ್ಟೇ ತಡೆಯುವುದೂ ನರಮಂಡಲದ ಕೆಲಸ. ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿ ನೆಟ್ಟು ಕುಳಿತಾಗ ಕೈ ಅಲುಗದೆ ನಿಲ್ಲುವುದು ಹೇಗೆ? ತೋಳನ್ನು ಮಡಿಸುವ ಸ್ನಾಯುವಿಗೆ ‘ಬಿಗಿಯಾಗು’ ಎಂಬ ಸಂಕೇತ ಹೋಗುವಾಗ, ಅದರ ಎದುರಿನ ಸ್ನಾಯುವನ್ನು ಆಳುವ ನರಕ್ಕೆ ‘ಸುಮ್ಮನಿರು’ ಎಂಬ ಸಂಕೇತವೂ ಹೋಗುತ್ತದೆ. ಎರಡೂ ಹದವಾಗಿ ಬೆರೆತರೆ ಮಾತ್ರ ಕೈ ಸ್ಥಿರ.

ಮಿದುಳಿನಲ್ಲಿ ಪ್ರಚೋದಿಸುವ ಮುಖ್ಯ ನರವಾಹಕದ ಹೆಸರು ಗ್ಲುಟಮೇಟ್. ತಡೆಯುವ ಮುಖ್ಯ ನರವಾಹಕದ ಹೆಸರು ಗಾಬಾ. ಒಂದೊಂದು ನರಕೋಶವೂ ಏಕಕಾಲದಲ್ಲಿ ಸಾವಿರಾರು ಸಂದುಗಳಿಂದ ಈ ಎರಡೂ ಬಗೆಯ ಸಂಕೇತಗಳನ್ನು ಪಡೆದು, ಕೂಡಿ ಕಳೆದು, ತಾನು ಸಂಕೇತ ಕಳುಹಿಸಬೇಕೇ ಬೇಡವೇ ಎಂಬುದನ್ನು ನಿರ್ಣಯಿಸುತ್ತದೆ. ಗಾಬಾ ತನ್ನ ಗ್ರಾಹಕವನ್ನು ಕೂಡಿದಾಗ ಅಲ್ಲಿಯ ಕ್ಲೋರೈಡ್ ಬಾಗಿಲು ತೆರೆಯುತ್ತದೆ. ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಒಳಗೆ ಬಂದು ಕೋಶವನ್ನು ಶಾಂತಗೊಳಿಸುತ್ತದೆ.

ಈ ಬಾಗಿಲು ಮುಚ್ಚಿಹೋದರೆ ತಡೆಯುವವರೇ ಇಲ್ಲದಂತಾಗುತ್ತದೆ. ಅಸಂಖ್ಯ ಕೋಶಗಳು ಒಮ್ಮೆಗೇ ಸಂಕೇತಗಳನ್ನು ಹೊಮ್ಮಿಸತೊಡಗುತ್ತವೆ. ದೇಹವು ಸೆಟೆದು ಅದುರುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದೇ ಸೆಳವು, ಜನರು ಫಿಟ್ಸ್ ಎನ್ನುವುದು ಇದನ್ನೇ.

ಗೇರುಗುಡ್ಡಗಳಲ್ಲಿ ನಡೆದದ್ದು

ಗೇರುಮರ ಚಿಗುರಿ ಹೂಬಿಡುವ ಕಾಲದಲ್ಲಿ ಟೀ ಸೊಳ್ಳೆ ಎಂಬ ಕೀಟವು ಚಿಗುರು ಮತ್ತು ಹೂಗೊಂಚಲುಗಳ ರಸ ಹೀರಿ ಬೆಳೆಯನ್ನು ಒಣಗಿಸುತ್ತದೆ. ಇದರ ನಿಯಂತ್ರಣಕ್ಕೆಂದು ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯಾಚೆಯ ಕಾಸರಗೋಡಿನಲ್ಲಿ, ಕನ್ನಡಿಗರ ಪಡ್ರೆಯಂತಹ ಗ್ರಾಮಗಳನ್ನೂ ಒಳಗೊಂಡು, ಕೇರಳದ ಪ್ಲಾಂಟೇಶನ್ ನಿಗಮವು ಇದನ್ನೇ ಮಾಡಿತು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಬಾವಿ, ತೋಡು: ಮೇಲಿನಿಂದ ಸುರಿದದ್ದು ಕೆಳಗಿಳಿಯದೆ ಇರುವುದು ಸಾಧ್ಯವಿರಲಿಲ್ಲ.

ಎಂಡೋಸಲ್ಫಾನ್ ಕೀಟವನ್ನು ಕೊಲ್ಲುವುದು ಅದರ ನರಕೋಶಗಳ ಮೇಲಿನ ಗಾಬಾ ಗ್ರಾಹಕದ ಕ್ಲೋರೈಡ್ ಬಾಗಿಲನ್ನು ಮುಚ್ಚುವ ಮೂಲಕ. ಆದರೆ ಗಾಬಾ ಎಂಬ ನರವಾಹಕವು ಕೀಟಕ್ಕೂ ಕರುವಿಗೂ ಮಗುವಿಗೂ ಸಮಾನವಾದುದು. ಟೀ ಸೊಳ್ಳೆಯ ನರವನ್ನು ಉದ್ದೇಶಿಸಿ ಸುರಿದ ವಿಷಕ್ಕೆ ಮನುಷ್ಯನ ನರದ ಬಾಗಿಲೂ ಪರಿಚಿತವೇ. ಈ ವಿಷವು ಹೆಚ್ಚಿನ ಪ್ರಮಾಣದಲ್ಲಿ ಒಮ್ಮೆಗೇ ದೇಹವನ್ನು ಸೇರಿದವರಲ್ಲಿ ಸೆಳವು ಪ್ರಧಾನ ಲಕ್ಷಣವಾಗಿ ಕಾಣುವುದು ಇದೇ ಕಾರಣದಿಂದ.

ಬೆಳೆಯುತ್ತಿರುವ ಮಿದುಳಿನ ವಿಷಯ ಇನ್ನೂ ಸೂಕ್ಷ್ಮ. ಗರ್ಭದಲ್ಲಿ ನರಕೋಶಗಳು ತಮ್ಮ ತಮ್ಮ ನೆಲೆಗಳನ್ನು ಸೇರಿ ಸಂಬಂಧ ಬೆಸೆದುಕೊಳ್ಳುವ ಕಾರ್ಯದಲ್ಲಿ ಗಾಬಾದ ಪಾತ್ರವೂ ಇದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು 2001ರಲ್ಲಿ ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ ಮಕ್ಕಳೊಂದಿಗೆ ಹೋಲಿಸಿ ಪರೀಕ್ಷಿಸಿದಾಗ, ನರ ಮತ್ತು ವರ್ತನೆಗೆ ಸಂಬಂಧಿಸಿದ ತೊಂದರೆಗಳು ಪಡ್ರೆಯಲ್ಲಿಯೇ ಹೆಚ್ಚಾಗಿ ಕಂಡವು. ಒಂದೊಂದು ಮಗುವಿನ ವೈಕಲ್ಯಕ್ಕೂ ಇದೊಂದೇ ಕಾರಣವೆಂದು ಬೊಟ್ಟುಮಾಡಿ ತೋರಿಸುವುದು ವೈದ್ಯಶಾಸ್ತ್ರಕ್ಕೆ ಸುಲಭವಲ್ಲ. ಆದರೆ ಒಂದೇ ಗುಡ್ಡದ ಸುತ್ತ ಮನೆಮನೆಯಲ್ಲಿ ಕಂಡ ನೋವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ನ್ಯಾಯವೂ ಅಲ್ಲ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು. ಪೀಡಿತರಿಗೆ ಮಾಸಾಶನವೂ, ಕೊಯಿಲ, ಕೊಕ್ಕಡಗಳಲ್ಲಿ ಹಗಲು ಪಾಲನಾ ಕೇಂದ್ರಗಳೂ ಬಂದವು. ಆದರೆ ಗರ್ಭದಲ್ಲಿ ತಪ್ಪಿದ ನರಗಳ ಬೆಸುಗೆಯನ್ನು ಯಾವ ಆದೇಶವೂ ಮರಳಿ ಕೂಡಿಸಲಾರದು. ಆ ತಾಯಂದಿರಿಗೆ ಈಗ ವಯಸ್ಸಾಗುತ್ತಿದೆ. ತಮ್ಮ ಕೈ ಸೋತ ಮೇಲೆ ಈ ಮಕ್ಕಳಿಗೆ ಯಾರು ಎಂಬುದೇ ಅವರ ಮುಂದಿರುವ ಪ್ರಶ್ನೆ.

ನಮ್ಮ ಹೊಲಗಳಲ್ಲಿ, ನಮ್ಮ ಮನೆಗಳಲ್ಲಿ

ಎಂಡೋಸಲ್ಫಾನ್ ಹೋಯಿತು, ನರವನ್ನು ಕೆಡಿಸುವ ವಿಷಗಳು ಹೋಗಿಲ್ಲ. ಇಂದು ಬಳಕೆಯಲ್ಲಿರುವ ಅನೇಕ ಕೀಟನಾಶಕಗಳು ನರಸಂಕೇತದ ಒಂದಲ್ಲ ಒಂದು ಘಟ್ಟವನ್ನೇ ಮುರಿಯುತ್ತವೆ. ಕ್ಲೋರ್‌ಪೈರಿಫಾಸಿನಂತಹವು ಅಸಿಟೈಲ್ ಕೋಲಿನ್ ಎಂಬ ನರವಾಹಕವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಮುಗಿಯಬೇಕಾದ ಸಂಕೇತ ಮುಗಿಯುವುದಿಲ್ಲ: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಿರಿದಾದ ಕಣ್ಣಪಾಪೆ, ಸ್ನಾಯುಗಳ ಅದುರು, ಕೊನೆಗೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆ ಇದನ್ನು ‘ಎಣ್ಣೆ ಹೊಡೆಯುವುದು’, ‘ಔಷಧಿ ಹೊಡೆಯುವುದು’ ಎನ್ನುವ ರೂಢಿಯಿದೆ. ಹೆಸರು ಏನೇ ಇರಲಿ, ವಿಷವೆಂಬ ಎಚ್ಚರವಿರಬೇಕು.

ಸಿಂಪಡಿಸುವಾಗ ಮೈ ಮುಚ್ಚುವ ಬಟ್ಟೆ, ಕೈಗವಸು, ಮುಖಗವಸು ಧರಿಸಬೇಕು. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಗರ್ಭಿಣಿಯರು ಮತ್ತು ಮಕ್ಕಳು ಹತ್ತಿರ ಸುಳಿಯಬಾರದು. ಖಾಲಿ ಡಬ್ಬಿಯನ್ನು ತೊಳೆದು ನೀರಿಗೋ ಕಾಳಿಗೋ ಬಳಸಲೇಬಾರದು. ವಿಷ ತಗುಲಿದರೆ ಬಟ್ಟೆ ಕಳಚಿ, ಸಾಬೂನು ಹಚ್ಚಿ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯನ್ನೂ ಜೊತೆಗೆ ಕೊಂಡೊಯ್ದರೆ ಯಾವ ವಿಷವೆಂದು ವೈದ್ಯರಿಗೆ ತಿಳಿಯುತ್ತದೆ. ಮನೆಯಲ್ಲಿ ವಾಂತಿ ಮಾಡಿಸುವುದು, ಹಾಲು ಎಣ್ಣೆಗಳನ್ನು ಕುಡಿಸುವುದು ಅಪಾಯಕರ.

ಯಾರಿಗಾದರೂ ಸೆಳವು ಬಂದರೆ ಕೈಯಲ್ಲಿ ಕಬ್ಬಿಣ ಕೊಡುವುದರಿಂದಾಗಲಿ ಈರುಳ್ಳಿ ಮೂಸಿಸುವುದರಿಂದಾಗಲಿ ಅದು ನಿಲ್ಲದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ನೀರು, ಚಮಚ, ಬಟ್ಟೆ ಏನನ್ನೂ ಹಾಕಬಾರದು. ಸೆಳವು 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ವೈದ್ಯರು ಆಗ ಕೊಡುವ ಲೋರಾಜೆಪಾಮ್, ಮಿಡಜೋಲಾಮ್ ಮೊದಲಾದ ಮದ್ದುಗಳು ಗಾಬಾದ ತಡೆಯುವ ಬಲವನ್ನೇ ಹೆಚ್ಚಿಸುತ್ತವೆ. ಮೂರ್ಛೆರೋಗದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಒಂದು ದಿನವೂ ನಿಲ್ಲಿಸಬಾರದು.

ಕೊನೆಯದಾಗಿ ಒಂದು ಮಾತು. ಗೇರುಗುಡ್ಡಗಳ ಆ ಮನೆಗಳಲ್ಲಿ ಮೊದಮೊದಲು ಮಕ್ಕಳ ಸ್ಥಿತಿಯನ್ನು ದೈವದ ಮುನಿಸೆಂದು, ಪೂರ್ವಜನ್ಮದ ಪಾಪವೆಂದು ತಿಳಿದವರಿದ್ದರು. ನಮ್ಮ ಊರುಗಳಲ್ಲಿಯೂ ಮೂರ್ಛೆಯಿರುವ ಮಗಳನ್ನು, ಬುದ್ಧಿ ಬೆಳೆಯದ ಮಗನನ್ನು ಒಳಮನೆಯಲ್ಲಿ ಅಡಗಿಸುವವರಿದ್ದಾರೆ. ಹುಟ್ಟಿನ ಕಾರಣದಿಂದ ಯಾರನ್ನೂ ಕೀಳಾಗಿಸಬಾರದೆಂದು ಕಲಿಸಿದ ಶರಣರ ಮಾರ್ಗದಲ್ಲಿ ನಡೆಯುವ ನಮಗೆ ಇದು ತರವಲ್ಲ. ಅದು ಪಾಪವಲ್ಲ, ನರಗಳ ಸಂಕೇತದಲ್ಲಿ ಆದ ಏರುಪೇರು. ವೈದ್ಯಕೀಯ ನೆರವಿಗೆ ಅರ್ಹವಾದುದು. ಅಂತಹ ಮಗುವಿರುವ ಮನೆ ನಮ್ಮ ಓಣಿಯಲ್ಲಿದ್ದರೆ, ವಾರದಲ್ಲಿ ಒಂದು ಹೊತ್ತು ಆ ಮಗುವಿನ ಬಳಿ ಕುಳಿತು ತಾಯಿಗೆ ಬಿಡುವು ಕೊಡೋಣ. ದಾಸೋಹವೆಂದರೆ ಅನ್ನವೊಂದೇ ಅಲ್ಲ, ನಮ್ಮ ಹೊತ್ತನ್ನು ನೀಡುವುದೂ ದಾಸೋಹವೇ. ಶರಣು ಶರಣಾರ್ಥಿ.