ಆರದ ಟೈರ್ ಎಚ್ಚರಿಕೆ ದೀಪ: ದೋಷ ಗಾಳಿಯದೋ, ಸಂವೇದಕದ್ದೋ?

ವ್ಯವಹಾರ ನಿಮಿತ್ತ ಕಾರುಗಳನ್ನು ಇರಿಸಿಕೊಂಡಿರುವ ಸಂಸ್ಥೆಗಳಿಗೆ ಪರಿಚಿತವಾದ ತೊಡಕೊಂದಿದೆ. ಗಾಳಿ ತುಂಬಿಸಿ ರೀಸೆಟ್ ಗುಂಡಿ ಒತ್ತಿದರೂ ಟೈರ್ ಒತ್ತಡದ ಎಚ್ಚರಿಕೆ ದೀಪ ಆರುವುದಿಲ್ಲ. 2007ರ ಸೆಪ್ಟೆಂಬರ್‌ನಿಂದ ಹೊಸ ಲಘು ವಾಹನಗಳಿಗೆಲ್ಲ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ ಅಮೆರಿಕದಲ್ಲಿ, ಒತ್ತಡವು ನಿಗದಿತ ಪ್ರಮಾಣಕ್ಕಿಂತ ಶೇ. 25ರಷ್ಟು ಕುಸಿದಾಗ ದೀಪ ಬೆಳಗಬೇಕೆಂಬ ನಿಯಮವಿದೆ.

ಮೊದಲಿಗೆ, ವಾಹನ 3 ಗಂಟೆ ನಿಂತ ಬಳಿಕ ತಣ್ಣಗಿನ ಟೈರ್‌ಗಳ ಒತ್ತಡವನ್ನು ಮಾಪಕದಿಂದ ಅಳೆದು, ತಯಾರಕರು ಸೂಚಿಸಿದ ಅಂಕಿಗೆ ಹೊಂದಿಸಬೇಕು. ಓಡಿ ಬಿಸಿಯಾದ ಟೈರ್ ಹೆಚ್ಚಿನ ಒತ್ತಡ ತೋರಿಸುತ್ತದೆ. ಆಗ ಸರಿಯೆನಿಸಿದ್ದು ಮರುದಿನ ಮುಂಜಾನೆ ಕಡಿಮೆಯಾಗಿರುತ್ತದೆ.

ಚಕ್ರದ ವೇಗದಿಂದ ಒತ್ತಡವನ್ನು ಅಂದಾಜಿಸುವ ಪರೋಕ್ಷ ವ್ಯವಸ್ಥೆಯಲ್ಲಿ, ಇದಾದ ನಂತರವೇ ರೀಸೆಟ್ ಮಾಡಿ ಕೆಲಕಾಲ ವಾಹನ ಓಡಿಸಬೇಕು. ಚಕ್ರದೊಳಗೆ ಸಂವೇದಕವಿರುವ ನೇರ ವ್ಯವಸ್ಥೆಯ ಹಲವು ಕಾರುಗಳಲ್ಲಿ, ದೀಪವು ಸುಮಾರು ಒಂದು ನಿಮಿಷ ಮಿನುಗಿ ಬಳಿಕ ಸ್ಥಿರವಾಗಿ ಉರಿದರೆ ಕೊರತೆ ಗಾಳಿಯದಲ್ಲ, ಸಾಧನದ್ದು. ಸಂವೇದಕದ ಬ್ಯಾಟರಿಯ ಬಾಳಿಕೆ ಸಾಮಾನ್ಯವಾಗಿ 5ರಿಂದ 10 ವರ್ಷ. ಅದು ಮುಗಿದಾಗ ಸಂವೇದಕವನ್ನೇ ಬದಲಿಸಬೇಕಾಗುತ್ತದೆ. ಗುಂಡಿ ಒತ್ತಿ ಪ್ರಯೋಜನವಿಲ್ಲ.

ಈ ವೆಚ್ಚವನ್ನು ಮುಂದೂಡುವುದು ನಿಜವಾದ ಉಳಿತಾಯವಲ್ಲ. ಸದಾ ಉರಿಯುವ ದೀಪವು, ಗಾಳಿ ನಿಜವಾಗಿ ಸೋರಿದ ದಿನ ಚಾಲಕನಿಗೆ ಏನನ್ನೂ ತಿಳಿಸಲಾರದು.