ಹೊಡೆತ ತಿಂದ ಮಗು ಹೊಡೆಯೋದೇಕೆ?

ಒಂದು ಮಗು ಇನ್ನೊಬ್ಬರ ಜೀವಕ್ಕೇ ಕೈ ಹಾಕೋದು ಹೇಗೆ? ‘ಹುಟ್ಟುಗುಣ’ ಅಂದು ಸುಮ್ಮನಾಗಿಬಿಡ್ತೀವಿ. ಆದರೆ 1989ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥಿ ವಿಡಮ್ ಬೇರೆಯದನ್ನೇ ತೋರಿಸಿದರು.
908 ಮಕ್ಕಳು. ಎಳವೆಯಲ್ಲೇ ಹಿಂಸೆ, ನಿರ್ಲಕ್ಷ್ಯ ಕಂಡವರು. ಎಲ್ಲವೂ ಕೋರ್ಟ್ ದಾಖಲೆ. ಮುಂದೆ ಇವರಲ್ಲಿ ನೂರಕ್ಕೆ 11 ಜನ ಹಿಂಸೆಯ ಕೇಸಲ್ಲಿ ಬಂಧನಕ್ಕೊಳಗಾದರು. ಅಂಥ ಬಾಲ್ಯವಿಲ್ಲದವರಲ್ಲಿ 8 ಜನ. ಇನ್ನೊಂದು ಮಾತು, ಇದನ್ನ ಗಮನವಿಟ್ಟು ಕೇಳಿ: ಯಾರೂ ಹೊಡೆಯದೆ, ಬರೀ ಆರೈಕೆಯಿಲ್ಲದೆ ಬೆಳೆದ ಮಕ್ಕಳಲ್ಲೂ ಈ ಸಂಖ್ಯೆ 12 ದಾಟಿತ್ತು.

ಯಾಕೆ ಹೀಗೆ? ಒಗ್ಗರಣೆ ಹೊಗೆಗೂ ಕಿರುಚುವ ಫೈರ್ ಅಲಾರಂ ನೋಡಿದ್ದೀರಲ್ಲ? ಸದಾ ಭಯದಲ್ಲಿ ಬೆಳೆದ ಮಗುವಿನ ಮನಸ್ಸೂ ಹಾಗೇ. ಯಾರೋ ದಿಟ್ಟಿಸಿದರೆ, ಅಕಸ್ಮಾತ್ ಭುಜ ತಾಗಿದರೆ, ‘ಹೊಡೆಯೋಕೇ ಬಂದ’ ಅನ್ನಿಸುತ್ತೆ. ಕೈ ಮೊದಲು ಏಳುತ್ತೆ. ‘ತಾಳು, ಯೋಚಿಸು’ ಅಂತ ಹೇಳಿಕೊಟ್ಟವರೇ ಇಲ್ಲವಲ್ಲ!

‘ನೋವುಂಡವರೆಲ್ಲ ಕೊಲೆಗಾರರಾಗ್ತಾರಾ?’ ಇಲ್ಲ. ಅದೇ ಲೆಕ್ಕದಲ್ಲಿ ನೂರಕ್ಕೆ 89 ಜನ ಹಿಂಸೆಯ ಕೇಸಲ್ಲಿ ಸಿಕ್ಕಿಲ್ಲ. ಹಾಗಾಗಿ ಅಂಥ ಮಗುವಿಗೆ ‘ನಾಳೆಯ ಅಪರಾಧಿ’ ಅನ್ನೋ ಪಟ್ಟ ಕಟ್ಟೋದು ಇನ್ನೊಂದು ಅನ್ಯಾಯ. ‘ಹಾಗಾದರೆ ತಪ್ಪಿಗೆ ಕ್ಷಮೆಯಾ?’ ಅದೂ ಅಲ್ಲ. ಸತ್ತವರ ಮನೆಯ ದುಃಖ ಇದರಿಂದ ಒಂದು ಚೂರೂ ಕಡಿಮೆಯಾಗಲ್ಲ. ಆದರೆ ಕಾರಣ ಗೊತ್ತಾದರೆ, ಕೈ ಏಳುವ ಮುಂಚೆಯೇ ತಡೆಯಬಹುದು.

ಪಕ್ಕದ ಮನೆಯಲ್ಲಿ ಮಗುವೊಂದು ದಿನಾ ಏಟು ತಿಂತಿದ್ರೆ, ‘ಅವರ ಮನೆ ವಿಷಯ’ ಅನ್ನಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡು ಬೀಳಲ್ಲ.